ಚಳಿಗಾಲದ ಸೂಚನೆಗಳು ಮತ್ತು ನಮ್ಮ ಮನೆಯವರ ಉಸಿರು

ಶಹಾಪುರದಲ್ಲಿ ನಮ್ಮ ಮನೆತನ ನಿಜಾಮರ ಕಾಲದಿಂದ ಇದೆ. ನಮ್ಮ ಮಾವನವರ ತಂದೆ ಊರಿನ ಪಂಚರಲ್ಲಿ ಒಬ್ಬರು. ಕಾಲುವೆ ಅಳೆಯಲು ಮೊದಲ ಸಲ ಬಂದ ಅಧಿಕಾರಿಗಳು ಇಳಿದುಕೊಂಡದ್ದು ನಮ್ಮ ಪಡಸಾಲೆಯಲ್ಲಿ. ನನ್ನ ತವರು ಯಾದಗಿರಿ. ಓದಿದ್ದು ಕಲಬುರ್ಗಿಯ ಕಾನ್ವೆಂಟಿನಲ್ಲಿ. ಬೆನ್ನು ನೆಟ್ಟಗೆ ಇಟ್ಟು ಕುಳಿತುಕೊಳ್ಳುವುದನ್ನೂ, ಒಂದು ವಾಕ್ಯ ಮುಗಿಸಿಯೇ ಇನ್ನೊಂದನ್ನು ಶುರುಮಾಡುವುದನ್ನೂ ಅಲ್ಲಿಯ ಸಿಸ್ಟರುಗಳು ಕಲಿಸಿದರು. ಎರಡೂ ಮನೆತನಗಳಲ್ಲಿ ಊರ ನಗೆಗೆ ಗುರಿಯಾದವರು ಒಬ್ಬರೂ ಇಲ್ಲ. ಆದರೂ ಪ್ರತಿ ಚಳಿಗಾಲ ಊರಿನಲ್ಲಿ ಏನಾದರೊಂದು ಆಗುತ್ತದೆ, ಅದು ಹೇಗೋ ಸುತ್ತಿಕೊಂಡು ಬಂದು ನಮ್ಮ ಮನೆಯ ಮುಂದೆಯೇ ನಿಲ್ಲುತ್ತದೆ.

ಕಾಲುವೆ ಬರುವ ಮೊದಲು ನಮ್ಮ ಕಡೆಯ ಚಳಿ ಒಣ ಚಳಿ. ಕಂಬಳಿ ಹೊದ್ದರೆ ಮುಗಿಯಿತು. ನೀರು ಬಂದ ಮೇಲೆ ಸುತ್ತಲೂ ಭತ್ತದ ಗದ್ದೆಗಳಾದವು. ಬೆಳಗ್ಗೆ ಮಂಜು, ಕೊಯ್ಲಿನ ನಂತರ ಹುಲ್ಲು ಸುಡುವ ಹೊಗೆ. ಕಾಳಿನ ದಲಾಲಿ ನಡೆಯುವ ಅಡತಿ ಅಂಗಡಿಯ ಧೂಳಿನಲ್ಲಿ ಮೂವತ್ತು ವರ್ಷ ಕುಳಿತ ನಮ್ಮ ಮನೆಯವರಿಗೆ ಆ ಹಸಿ ಚಳಿಯಿಂದ ದಮ್ಮು ಹತ್ತಿಕೊಂಡಿತು. ಒಂದು ದೀಪಾವಳಿ ಮುಗಿದ ಮೇಲೆ ಡಾಕ್ಟರು ನನ್ನನ್ನು ಬಾಗಿಲಿನ ಆಚೆ ಕರೆದರು.

"ಅಮ್ಮಾರ, ಈ ಚಳಿಗಾಲ ಒಂದು ದಾಟಸ್ರಿ. ಹೊಗಿ, ಧೂಳ, ಥಂಡಿ, ಮೂರೂ ಹತ್ರ ಬರಬಾರದು. ಇನ್ನೊಮ್ಮಿ ಜೋರಾಗಿ ಬಂತಂದ್ರ ನಮ್ಮ ಕೈಯಾಗ ಇರಂಗಿಲ್ಲ."

ಅಂದಿನಿಂದ ನನಗೆ ನಿದ್ದೆಯಲ್ಲಿಯೂ ಒಂದು ಕಿವಿ ಅವರ ಎದೆಯ ಮೇಲೆ. ಉಸಿರು ಸಿಳ್ಳೆ ಹೊಡೆದರೆ ಭಯ, ಸಿಳ್ಳೆ ನಿಂತರೆ ಇನ್ನೂ ಭಯ. ನಮ್ಮ ಒಂದು ಮನೆಯ ಕಿಟಕಿ ಮುಚ್ಚಿದರೆ ಹೊಗೆ ನಿಲ್ಲುವುದಿಲ್ಲ. ಇಡೀ ಓಣಿಗೆ ಶಿಸ್ತು ಬರಬೇಕು. ಆದ್ದರಿಂದ ಮಹಿಳಾ ಮಂಡಳಿಯ ಅಧ್ಯಕ್ಷೆಯಾಗಿ ನಾನು ಆ ವರ್ಷ ನಾಗರಿಕರಿಗೆ ಚಳಿಗಾಲದ ಸೂಚನೆಗಳನ್ನು ಬರೆದು ಹನುಮಂತದೇವರ ಗುಡಿಯ ಗೋಡೆಗೆ ಅಂಟಿಸಿದೆ. ಮುಂದೆ ನಡೆದದ್ದೆಲ್ಲ ಆ ಒಂದೇ ಚಳಿಗಾಲದ್ದು.

ಬಯಲಿನ ಬೆಂಕಿ

ನನ್ನ ಮೊದಲ ಸೂಚನೆ ಹೀಗಿತ್ತು: ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟುಕೊಂಡು ಮಲಗಬೇಡಿ, ಜೀವಕ್ಕೆ ಅಪಾಯ, ಬೆಂಕಿ ಕಾಯಿಸುವುದಾದರೆ ಬಯಲಿನಲ್ಲಿ ಕಾಯಿಸಿ.

ಮರುದಿನ ಬೆಳಗ್ಗೆ ಏಳುವಾಗ ನಮ್ಮ ಮಲಗುವ ಕೋಣೆ ಹೊಗೆಯಿಂದ ತುಂಬಿತ್ತು. ಇವರು ಗೋಡೆಗೆ ಒರಗಿ ಕುಳಿತು, ಎರಡೂ ಕೈ ಮೊಣಕಾಲ ಮೇಲೆ ಊರಿ, ಬಾಯಿ ತೆರೆದು ಗಾಳಿ ಹುಡುಕುತ್ತಿದ್ದರು. ಔಷಧ ಕೊಟ್ಟು, ಬೆನ್ನು ತಿಕ್ಕಿ, ಉಸಿರು ಸ್ವಲ್ಪ ಹಾದಿಗೆ ಬಂದ ಮೇಲೆ ಕಿಟಕಿಯಿಂದ ನೋಡಿದೆ. ನಮ್ಮ ಕಟ್ಟೆಯ ಬುಡದಲ್ಲಿ ಅರ್ಧ ಓಣಿ ಬೆಂಕಿಯ ಸುತ್ತ ಕುಕ್ಕರಗಾಲಲ್ಲಿ ಕುಳಿತಿತ್ತು. ನಡುವೆ ಎದುರು ಮನೆಯಾಕೆ, ಹತ್ತಿಕಟ್ಟಿಗೆ ಮುರಿಮುರಿದು ಹಾಕುತ್ತ.

ಈ ಎದುರು ಮನೆಯಾಕೆ ಮಂಡಳಿಯ ಸದಸ್ಯೆ. ಒಳ್ಳೆಯ ಹೆಂಗಸು, ಆದರೆ ಬಾಯಿಗೆ ಬಾಗಿಲಿಲ್ಲ.

"ಇಲ್ಲಿ ಯಾಕೆ ಹಚ್ಚಿದ್ದೀರಿ?" ಎಂದು ಕೇಳಿದೆ.

"ನೀವ ಬರದೀರಲ್ರಿ ಅಕ್ಕಾರ, ಬಯಲಾಗ ಹಚ್ರಿ ಅಂತ. ನಮ್ಮ ಮನಿ ಒಳಗ ಛಲೋ ಹಚ್ಕೊಂಡು ಕುಂತಿದ್ವಿ. ನಿಮ್ಮ ಮಾತಿಗೆ ಕಿಮ್ಮತ್ತು ಕೊಟ್ಟು ಹೊರಗ ಬಂದೀವಿ."

"ನಮ್ಮ ಕಿಟಕಿಯ ಕೆಳಗೇ ಬೇಕಿತ್ತೆ?"

"ಓಣ್ಯಾಗ ಬಯಲು ಅಂತ ಇರೋದು ಇದೊಂದ ರೀ. ಸಾವಕಾರ್ರನ್ನೂ ಕರೀರಿ, ಪಾಪ, ಒಳಗ ಕೆಮ್ಮಾಕತ್ತಾರ. ಬೆಂಕಿ ಕಾಸಿದ್ರ ಕಮ್ಮಿ ಆಗ್ತದ."

ಹತ್ತಿಯ ಕೋಣೆ

ಹೊಗೆಯಿಂದ ದೂರ ಇಡೋಣವೆಂದು ಇವರನ್ನು ಕೊಂಕಲ್‌ನಲ್ಲಿರುವ ನನ್ನ ಅಕ್ಕನ ಮನೆಗೆ ಕರೆದುಕೊಂಡು ಹೋದೆ. ಹತ್ತಿ ಬಿಡಿಸುವ ಕಾಲ. ಆ ಊರಿನಲ್ಲಿ ಬಿಡಿಸಿದ ಹತ್ತಿಯನ್ನು ಮಾರುವ ತನಕ ಮನೆಯಲ್ಲೇ ಸುರಿಯುತ್ತಾರೆ. ಅಕ್ಕನ ಮನೆಯಲ್ಲಿ ಒಂದು ಕೋಣೆ ಜಂತಿಯವರೆಗೆ ತುಂಬಿತ್ತು. ನನ್ನ ಎರಡನೆಯ ಸೂಚನೆ ಇದರ ಬಗ್ಗೆಯೇ ಇತ್ತು: ಚಳಿಗೆ ಹಾವುಗಳು ಬೆಚ್ಚನೆಯ ಜಾಗ ಹುಡುಕುತ್ತವೆ, ಹತ್ತಿಯ ರಾಶಿಗೆ ನೋಡದೆ ಕೈ ಹಾಕಬೇಡಿ. ಹೋದ ಕೂಡಲೇ ಅಕ್ಕನ ಮನೆಯವರಿಗೆಲ್ಲ ಅದನ್ನು ಓದಿ ಹೇಳಿದೆ.

ಮಧ್ಯಾಹ್ನ ಅಕ್ಕ ಆ ಕೋಣೆಯಿಂದ ಹಿಂದೆ ಹಿಂದೆ ಹೆಜ್ಜೆ ಇಡುತ್ತ ಬಂದಳು.

"ಹತ್ತ್ಯಾಗ ಏನೋ ಅದ," ಎಂದಳು. "ಬುಸ್ ಅನ್ನಾಕತ್ತದ."

ಎಲ್ಲರೂ ಬಾಗಿಲಿನ ಹತ್ತಿರ ಹೋದೆವು. ರಾಶಿಯ ಒಂದು ಮೂಲೆ ಏಳುತ್ತಿತ್ತು, ಇಳಿಯುತ್ತಿತ್ತು. ಉದ್ದನೆಯ ಬುಸುಗುಟ್ಟುವ ಸದ್ದು. ಅಕ್ಕನ ಗಂಡ ಬಡಿಗೆ ತಂದರು. ಪಕ್ಕದ ಮನೆಯವರು ಕುಡುಗೋಲು ತಂದರು. ಯಾರೂ ಮುಂದೆ ಹೋಗಲಿಲ್ಲ.

"ಇಷ್ಟು ದೊಡ್ಡ ಉಸುರ ಅಂದ್ರ ಹಾವು ಸಣ್ಣದಲ್ಲ ಬಿಡು," ಎಂದರು ಅಕ್ಕನ ಗಂಡ. ಬಡಿಗೆ ಎತ್ತಿದರು.

ಆ ಉಸಿರಿನ ತುದಿಯಲ್ಲಿ ಒಂದು ಸಣ್ಣ ಸಿಳ್ಳೆ ಕೇಳಿತು. ಆ ಸಿಳ್ಳೆಯನ್ನು ನಾನು ಸಾವಿರ ಉಸಿರಿನ ನಡುವೆಯೂ ಗುರುತಿಸಬಲ್ಲೆ. "ಹೊಡೆಯಬೇಡಿ" ಎಂದು ಓಡಿಹೋಗಿ ಬಡಿಗೆ ಹಿಡಿದೆ. ಯಾವ ಧೂಳಿನಿಂದ ದೂರ ಇಡಲು ಡಾಕ್ಟರು ಹೇಳಿದ್ದರೋ ಅದರೊಳಗೆ ಕುತ್ತಿಗೆಯ ತನಕ ಹೂತುಕೊಂಡು, ಮುಖದ ಮೇಲೆ ಬಿಳಿ ಟವೆಲ್ಲು ಹಾಕಿಕೊಂಡು, ನಮ್ಮ ಮನೆಯವರು ಮಲಗಿದ್ದರು.

ಎಬ್ಬಿಸಿದರೆ ಕಣ್ಣು ಬಿಟ್ಟು ಬಡಿಗೆ, ಕುಡುಗೋಲು, ಜನ, ಎಲ್ಲ ನೋಡಿದರು. ನಿಧಾನವಾಗಿ ಕೇಳಿದರು, "ಯಾಕ, ಹಾವು ಬಂತೇನು?"

ಕಾಲುವೆಯ ಮೇಲೆ

ಕೊಂಕಲ್‌ನಿಂದ ಅದೇ ದಿನ ವಾಪಸಾದೆವು. ಹತ್ತಿಯ ಧೂಳು ಎದೆಗಿಳಿದು ಮೂರು ದಿನ ಇವರು ಮಲಗಲಿಲ್ಲ, ಕುಳಿತೇ ಇದ್ದರು. ಸುರಪುರದಲ್ಲಿ ದಮ್ಮಿಗೆ ಒಬ್ಬ ಹಕೀಮರು ಒಳ್ಳೆಯ ಔಷಧ ಕೊಡುತ್ತಾರೆಂದು ಕೇಳಿ, ನಾಲ್ಕನೆಯ ದಿನ ಬೆಳಗಿನ ಜಾವದಲ್ಲೇ ನಾನೊಬ್ಬಳೇ ಹೊರಟೆ. ಬಸ್ಸು ಇರಲಿಲ್ಲ. ಸಿಕ್ಕಿದ್ದು ಪ್ರಚಾರದ ಆಟೋ.

ಈ ಆಟೋದ ಬಗ್ಗೆ ಹೇಳಬೇಕು. ಮೇಲೆ ಎರಡು ಧ್ವನಿವರ್ಧಕ ಕಟ್ಟಿದ ಈ ಆಟೋ ಊರಿನಲ್ಲಿ ಯಾರಾದರೂ ತೀರಿಕೊಂಡರೆ ಓಣಿ ಓಣಿ ತಿರುಗಿ ಸುದ್ದಿ ಸಾರುತ್ತದೆ. ಅದನ್ನು ಓಡಿಸುವವನೇ ಮೈಕಿನಲ್ಲಿ ಹೇಳುವವನು. ಸಾವಿಲ್ಲದ ದಿನ ಬಾಡಿಗೆಗೆ ಬರುತ್ತಾನೆ.

ಹಾದಿ ಹತ್ತಿರವಾಗುತ್ತದೆಂದು ಅವನು ಕಾಲುವೆಯ ಏರಿ ಹಿಡಿದ. ಸ್ವಲ್ಪ ದೂರದಲ್ಲಿ ಮಂಜು ಕವಿಯಿತು. ಮುಂದಿನ ಗಾಲಿ ಕಾಣುತ್ತಿರಲಿಲ್ಲ. ಎಡಕ್ಕೆ ತುಂಬಿದ ಕಾಲುವೆ. ನೀರು ಕಾಣುವುದಿಲ್ಲ, ಸದ್ದು ಮಾತ್ರ. ನಾನು ಆ ನೀರಿಗೆ ಬಿದ್ದರೆ ಮನೆಯಲ್ಲಿ ಕುಳಿತೇ ಉಸಿರಾಡುವ ಮನುಷ್ಯನಿಗೆ ಔಷಧ ಕೊಡುವವರು ಯಾರು ಎಂಬುದೊಂದೇ ನನ್ನ ತಲೆಯಲ್ಲಿ.

ಅವನು ಗಾಡಿ ನಿಲ್ಲಿಸಿದ. "ಅಮ್ಮಾರ, ನಿಮ್ಮ ಶಾಲು ಬೆಳ್ಳಗದ. ಜರಾ ಮುಂದ ನಡೀರಿ. ನಿಮ್ಮ ಹಿಂದ ಹಿಂದ ನಾ ಗಾಡಿ ತರ್ತೀನಿ."

"ನಾನು ಮುಂದೆ ನಡೆಯಬೇಕೆ?"

"ಕಾಲುವ್ಯಾಗ ಬೀಳೋದಿದ್ರ ಒಬ್ಬರ ಬೀಳಲ್ರಿ. ಇಬ್ಬರೂ ಯಾಕ?"

ತಲೆಯಿಂದ ಪಾದದವರೆಗೆ ಶಾಲು ಸುತ್ತಿಕೊಂಡು, ಎರಡೂ ಕೈ ಅಗಲಿಸಿಕೊಂಡು, ಪಂಚಾಕ್ಷರಿ ಮಂತ್ರ ಹೇಳುತ್ತ ನಡೆದೆ. ಬೋನಾಳದ ಕಡೆಯಿಂದ ಹಾಲಿನ ಕ್ಯಾನು ಕಟ್ಟಿಕೊಂಡು ಇಬ್ಬರು ಸೈಕಲ್ಲಿನಲ್ಲಿ ಬಂದರು. ನನ್ನನ್ನು ಕಂಡು ನಿಂತರು. ಹಾದಿ ಕೇಳೋಣವೆಂದು ನಾನು ಕೈ ಎತ್ತಿದೆ. ಸೈಕಲ್ಲು, ಹಾಲು ಎಲ್ಲ ಅಲ್ಲೇ ಬಿಟ್ಟು ಗದ್ದೆಯಲ್ಲಿ ಓಡಿದರು.

ಔಷಧ ತಂದೆ. ಎರಡು ದಿನ ಬಿಟ್ಟು ಎದುರು ಮನೆಯಾಕೆ ಮಂಡಳಿಯ ಸಭೆಯಲ್ಲಿ ಎದ್ದು ನಿಂತಳು.

"ಅಕ್ಕಾರ, ಚಳಿಗಾಲದ ಸೂಚನಿ ಒಳಗ ಇದೊಂದು ಸೇರಸ್ರಿ. ಬೋನಾಳದ ಹಾದಿಗೆ ಕಾಲುವಿ ಮ್ಯಾಲ ಬಿಳೀ ಹೆಂಗಸೊಂದು ಅಡ್ಡಾಡ್ತದಂತ. ಕೈ ಮಾಡಿ ಕರೀತದಂತ. ಕಾಲ ಇಲ್ಲಂತ."

ಸಭೆ ಒಪ್ಪಿತು. ಕಾರಣ ಹೇಳದೆ ನಾನು ನಿರಾಕರಿಸಿದೆ.

ಮೈಕಿನ ಸೂಚನೆ

ಗೋಡೆಯ ಮೇಲಿನದನ್ನು ಯಾರೂ ಓದುವುದಿಲ್ಲ, ಮೈಕಿನಲ್ಲಿ ಹೇಳಿಸೋಣ ಎಂದು ಮಂಡಳಿ ತೀರ್ಮಾನಿಸಿತು. ಆ ವಾರ ಚಳಿ ಹೆಚ್ಚಾಗಿತ್ತು. ಹಕೀಮರ ಔಷಧ ಮುಗಿದಿತ್ತು. ಡಾಕ್ಟರು ಬರೆದ, ಉಸಿರಿನ ಜೊತೆ ಎಳೆದುಕೊಳ್ಳುವ ಮದ್ದು ಯಾದಗಿರಿಯಲ್ಲಿ ಮಾತ್ರ ಸಿಗುತ್ತಿತ್ತು. ಸೂಚನೆ ಬರೆದ ಚೀಟಿಯನ್ನು ಆಟೋದವನ ಕೈಗೆ ಕೊಟ್ಟು, "ಇದರಲ್ಲಿ ಇದ್ದಷ್ಟೇ ಓದಬೇಕು" ಎಂದು ಹೇಳಿ, ನಾನು ಬೆಳಗಿನ ಬಸ್ಸಿಗೆ ಹೋದೆ. ಹೋಗುವಾಗ ಇವರು ದಿಂಬಿಗೆ ಒರಗಿ ಕುಳಿತಿದ್ದರು. ತುಟಿ ಸ್ವಲ್ಪ ನೀಲಿಯಾಗಿತ್ತು. ಯಾದಗಿರಿ ಮುಟ್ಟುವ ತನಕ ಆ ನೀಲಿ ನನ್ನ ಕಣ್ಣಿನಿಂದ ಹೋಗಲಿಲ್ಲ.

ನಾನು ಬರೆದದ್ದು "ನಾಗರಿಕರಲ್ಲಿ ವಿನಂತಿ" ಎಂದು ಶುರುವಾಗುತ್ತಿತ್ತು. ಆಟೋದವನಿಗೆ ಅದು ಸಪ್ಪೆ ಕಂಡಿದೆ. ದೊಡ್ಡ ಮನೆಯ ಹೆಸರು ಮುಂದೆ ಇಲ್ಲದಿದ್ದರೆ ಜನ ಬಾಗಿಲು ತೆರೆಯುವುದಿಲ್ಲ ಎಂಬುದು ಅವನ ಅನುಭವ. ಆದ್ದರಿಂದ ನಮ್ಮ ಮೇಲಿನ ಗೌರವಕ್ಕೆ, ತನಗಿರುವ ಒಂದೇ ಧ್ವನಿಯಲ್ಲಿ, ನಿಧಾನವಾಗಿ ಹೇಳಿದ್ದಾನೆ: "ಶಹಾಪುರದ ಹಿರಿಯ ಮನೆತನದ, ಅಡತಿ ವ್ಯಾಪಾರಿಗಳಾದ, ಸರಳ ಸ್ವಭಾವದ ಶ್ರೀ..." ಎಂದು ಇವರ ಹೆಸರು. ಆಮೇಲೆ, "ಇವರ ಕುಟುಂಬದವರು ತಿಳಿಸುವುದೇನೆಂದರೆ."

ನಮ್ಮ ಊರಿನಲ್ಲಿ ಆ ಆಟೋದ ಮೇಲೆ ಪೂರ್ತಿ ಹೆಸರು ಮರ್ಯಾದೆಯೊಡನೆ ಬರುವುದು ಸತ್ತವರದು ಮಾತ್ರ. ಆಟೋ ನಿಲ್ಲುವುದೂ ಇಲ್ಲ, ಹೋಗುತ್ತಲೇ ಇರುತ್ತದೆ. ನಮ್ಮ ಓಣಿಗೆ ಹೆಸರು ಕೇಳಿತು. ಮುಂದಿನ ಓಣಿಗೆ "ವಿಪರೀತ ಚಳಿಯ ಕಾರಣದಿಂದ" ಎಂಬುದು ಕೇಳಿತು. ಅದರ ಮುಂದಿನ ಓಣಿಗೆ "ಎಲ್ಲರೂ ಸಹಕರಿಸಬೇಕು" ಎಂಬುದು. ಮೂರೂ ಓಣಿಯವರು ಬಜಾರಿನಲ್ಲಿ ಕೂಡಿದರು. ಅನುಮಾನಕ್ಕೆ ಜಾಗ ಉಳಿಯಲಿಲ್ಲ.

ಮಧ್ಯಾಹ್ನ ನಾನು ಬಸ್ಸಿನಿಂದ ಇಳಿದೆ. ಹೂವಿನವಳು ನನ್ನನ್ನು ನೋಡಿ ಮುಖ ತಿರುಗಿಸಿದಳು. ಚಹದಂಗಡಿಯ ಮುಂದೆ ಕುಳಿತವರು ಎದ್ದು ನಿಂತರು. ನಾನು ಬೇಗ ಬೇಗ ನಡೆದೆ. ಓಣಿಯ ತಿರುವಿನಿಂದಲೇ ನಮ್ಮ ಕಟ್ಟೆಯ ಕೆಳಗೆ ಚಪ್ಪಲಿಗಳು ಕಂಡವು. ಹೆಗಲಿಗೆ ಟವೆಲ್ಲು ಹಾಕಿದ ಗಂಡಸರು. ಯಾರದೋ ಕೈಯಲ್ಲಿ ಹಾರ. ಮದ್ದಿನ ಪೊಟ್ಟಣ ಕೈಯಲ್ಲಿ ಹಿಡಿದು ನಾನು ವಿದ್ಯುತ್ ಕಂಬಕ್ಕೆ ಒರಗಿದೆ. ಇನ್ನು ಇದನ್ನು ಯಾರಿಗೆ ಕೊಡುವುದು ಎಂದು ಯೋಚಿಸಿದೆ. ಅದಕ್ಕಿಂತ ಹೆಚ್ಚು ಯೋಚಿಸಲು ಆಗಲಿಲ್ಲ.

ಒಳಗಿನಿಂದ ಹಾಡಿ ಅಳುವ ದನಿ ಬಂತು. ನಮ್ಮ ಕಡೆ ಸತ್ತವರ ಬಾಳನ್ನೆಲ್ಲ ಹೇಳಿ ಹಾಡಿಕೊಂಡು ಅಳುತ್ತಾರೆ. ಎದುರು ಮನೆಯಾಕೆ ಮುಖದ ಮೇಲೆ ಸೆರಗು ಎಳೆದುಕೊಂಡು ಶುರುಮಾಡಿದ್ದಳು.

"ಬಂಗಾರದಂಥಾ ಮನುಷ್ಯಾ ಇದ್ದೆಪ್ಪೋ, ಬಾಯಿ ಸತ್ತಾಂವ ಇದ್ದೆಪ್ಪೋ. ಕಟ್ಟಿಗೆ ಬಂದು ಕುಂದರತೀನಂದ್ರ ಒಳಗ ಕರದರೋ. ಹಾಸಿಗಿ ಸುಕ್ಕ ಆಗ್ತದಂತ ಹೊಳ್ಳಿ ಮಲಗಾಕ ಬಿಡಲಿಲ್ಲೋ. ಇಂಗ್ಲಿಷಿನಾಗ ಬೈದ್ರ ತಿಳೀಲಾರದ ಹೌದ ಹೌದ ಅಂದೆಪ್ಪೋ. ಮಿರ್ಚಿ ಭಜಿ, ಮಿರ್ಚಿ ಭಜಿ ಅಂತ ಜೀವ ಬಿಟ್ಟೆಪ್ಪೋ, ಒಂದ ಮಿರ್ಚಿ ಕೊಡಲಿಲ್ಲೋ."

ಸುತ್ತಲಿನ ಹೆಂಗಸರು "ಖರೇ ಅದ, ಖರೇ ಅದ" ಎಂದು ಅಳುತ್ತಿದ್ದರು. ಎಲ್ಲರ ಮುಖದ ಮೇಲೂ ಸೆರಗು. ಹೆಣ ಒಳಗಿನ ಕೋಣೆಯಲ್ಲಿದೆ ಎಂದು ಎಲ್ಲರೂ ತಿಳಿದಿದ್ದರು.

ನಾನು ಹೊಸ್ತಿಲು ದಾಟಿದೆ. ಅವಳು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಳು. ಆಗ ಪಡಸಾಲೆಯ ಮೂಲೆಯಲ್ಲಿ, ಹಳ್ಳಿಯಿಂದ ಬಂದ ಬೀಗರಿರಬೇಕೆಂದು ಎಲ್ಲರೂ ಭಾವಿಸಿದ್ದ, ತಲೆತುಂಬ ಕಂಬಳಿ ಹೊದ್ದ ಮುದುಕರೊಬ್ಬರು ಒಂದು ಸಿಳ್ಳೆಯ ಉಸಿರು ಎಳೆದು ಹೇಳಿದರು:

"ಮಿರ್ಚಿ ಅಷ್ಟ ಅಲ್ಲ ತಂಗಿ. ಮಂಡಾಳ ಒಗ್ಗರಣಿನೂ ಬಂದ್ ಮಾಡ್ಯಾಳ."

ಆ ಪಡಸಾಲೆ ಅಷ್ಟು ಬೇಗ ಖಾಲಿಯಾದದ್ದನ್ನು ನಾನು ನೋಡಿರಲಿಲ್ಲ. ಗಂಡಸರು ಹೆಂಗಸರಿಗಿಂತ ಮುಂದೆ ಓಡಿದರು. ಹಾರ ತಂದವರು ಅದನ್ನು ನನ್ನ ಕೈಗೆ ಕೊಟ್ಟು ಓಡಿದರು. ನಾನು ಇವರ ಎದುರು ನೆಲದ ಮೇಲೆ ಕುಳಿತೆ. ಬೆನ್ನು ನೆಟ್ಟಗೆ ಇತ್ತೋ ಇಲ್ಲವೋ ನೆನಪಿಲ್ಲ. ಪೊಟ್ಟಣ ಬಿಚ್ಚಿ ಮದ್ದು ಬಾಯಿಗೆ ಹಿಡಿದೆ. ಅವರೇ ನನ್ನ ಕೈ ಹಿಡಿದುಕೊಂಡು ಎಳೆದುಕೊಂಡರು.

"ಜೀವ ಇದೆ ಅಂತ ಮೊದಲೇ ಹೇಳಬಾರದಿತ್ತೇ?" ಎಂದೆ.

"ಮೊದಲ ಮಾತಾಡಾಕ ಉಸರ ಸಾಲಲಿಲ್ಲ," ಎಂದರು. "ಆಮ್ಯಾಲ ಕೇಳಾಕ ಛಲೋ ಅನಸ್ತು."

ಆ ಚಳಿಗಾಲ ಅವರು ದಾಟಿದರು. ಆಮೇಲೆ ಇನ್ನೂ ಕೆಲವು ದಾಟಿದ್ದಾರೆ. ಊರಿನವರು ಈ ಸಂಗತಿಯನ್ನು ಮದುವೆಗಳಲ್ಲಿ ಹೇಳಿ ನಗುತ್ತಾರೆ. ಇವರೂ ಕೂಡಿ ನಗುತ್ತಾರೆ. ಆಟೋದವನು ಮರುದಿನವೇ ಬಂದು ಕೈ ಮುಗಿದು ಹೋದ. ಎದುರು ಮನೆಯಾಕೆ ಮಾತ್ರ ಇಂದಿಗೂ, "ಸತ್ತಾರ ಅನ್ನೋದೊಂದು ತಪ್ಪಿತ್ರಿ, ಉಳಿದದ್ದೆಲ್ಲ ಬರೋಬರಿ ಇತ್ತು" ಎನ್ನುತ್ತಾಳೆ. ನಮ್ಮ ಮನೆಯಲ್ಲಿ ಹಾಸಿಗೆ ಸುಕ್ಕಾಗುತ್ತದೆಂದು ಯಾರನ್ನೂ ಹೊರಳದಂತೆ ಮಲಗಿಸಿಲ್ಲ. ಮಿರ್ಚಿಯನ್ನೂ ಮಂಡಕ್ಕಿಯ ಒಗ್ಗರಣೆಯನ್ನೂ ನಿಲ್ಲಿಸಿದ್ದು ಡಾಕ್ಟರು. ಆಕೆ ನಮ್ಮ ಮನೆಗೆ ಬಂದು, ಅದೇ ಪಡಸಾಲೆಯಲ್ಲಿ, ನನ್ನ ಎದುರು ನಿಂತು, ಕ್ಷಮೆ ಕೇಳಬೇಕು.