ಒಬ್ಬರಿಗೆ ಒಂದೇ ಟ್ಯಾಬ್

ಒಂದು ಕಡೆ ಕಂಪ್ಯೂಟರ್, ಇನ್ನೊಂದು ಕಡೆ ನಮ್ಮ ಚಳ್ಳಕೆರೆ ಸೀಮೆಯ ಜನ. ಇವೆರಡರ ನಡುವೆ ಸ್ಟೂಲ್ ಹಾಕಿಕೊಂಡು ಕೂತವರಿಗೆ ದಿನಾ ಏನಾದರೊಂದು ನಗು ಸಿಕ್ಕೇ ಸಿಗುತ್ತದೆ.

ನಾನು ಹಾಗೆ ಮೂರು ವರ್ಷ ಕೂತಿದ್ದೆ, ಬಸ್ ನಿಲ್ದಾಣದ ಎದುರಿನ ಸೈಬರ್ ಸೆಂಟರಿನಲ್ಲಿ. ಒಂದರ ಪಕ್ಕ ಒಂದು ಪುಟ ತೆರೆಯುವ ಟ್ಯಾಬ್ ಆಗಷ್ಟೇ ಬಂದಿತ್ತು. ಜನ ಬಿಡುತ್ತಾರೆಯೇ? ತೆರೆದದ್ದೇ ತೆರೆದದ್ದು. ಕಂಪ್ಯೂಟರುಗಳು ದಿನಕ್ಕೆ ನಾಲ್ಕು ಸಲ ಹ್ಯಾಂಗ್ ಆಗುತ್ತಿದ್ದವು.

ಮಾಲೀಕರು ಅದೇ ಜಾಗದಲ್ಲಿ ಮೊದಲು ಎಸ್‌ಟಿಡಿ ಬೂತ್ ನಡೆಸಿದವರು. "ಫೋನ್‌ನಾಗೆ ಒಬ್ರೇ ಒಂದೇ ಸಲಕ್ಕೆ ಹತ್ತು ಜನದ ಹತ್ರ ಮಾತಾಡ್ತಾರೇನಮ್ಮ? ಇಲ್ಲೂ ಒಬ್ರಿಗೆ ಒಂದೇ ಟ್ಯಾಬ್. ಇನ್ನೊಂದ್ಸಲ ಹ್ಯಾಂಗಾದ್ರೆ ನಾಳೆಯಿಂದ ನೀನು ಬರೋದು ಬ್ಯಾಡ!" ಎಂದು ಗದರಿ, 'ಒಬ್ಬರಿಗೆ ಒಂದೇ ಟ್ಯಾಬ್' ಅಂತ ರಟ್ಟಿನ ಮೇಲೆ ಬರೆದುಕೊಟ್ಟರು. ಗೋಡೆಗೆ ಅಂಟಿಸಿದೆ. ನನಗೆ ಕೆಲಸ ಬೇಕಿತ್ತು, ಆ ರಟ್ಟು ಮಾತ್ರ ಸುತರಾಂ ಬೇಕಿರಲಿಲ್ಲ.

ಟವೆಲ್

ಮೊಳಕಾಲ್ಮೂರಿನ ರೇಷ್ಮೆ ಸೀರೆ ವ್ಯಾಪಾರಿಯೊಬ್ಬರು ಮೂರು ಟ್ಯಾಬ್ ತೆರೆದು, ಹೆಗಲ ಟವೆಲನ್ನು ಮಾನಿಟರಿನ ಮೇಲೆ ಹಾಕಿ ಎದ್ದರು.

"ಎಲ್ಲಿಗೆ ಸಾರ್?"

"ಚಾ ಕುಡ್ದು ಬರ್ತೀನಿ. ಅವು ನನ್ವು, ಮುಟ್ಟಬ್ಯಾಡ. ಬಸ್ಸಿನಾಗೆ ಟವೆಲ್ ಹಾಕಿದ್ರೆ ಸೀಟು ನಮ್ದೇ ಅಲ್ವಾ?"

"ಬಸ್ಸಲ್ಲಿ ಒಬ್ರೇ ಮೂರು ಸೀಟು ಹಿಡೀತೀರಾ?"

"ಹಿಡೀತೀವಿ. ನಮ್ಮೋರು ಹಿಂದೆ ಬರ್ತಿರ್ತಾರೆ."

ಅರ್ಧ ಗಂಟೆಯ ಮೇಲೆ ನಿಜಕ್ಕೂ ಇಬ್ಬರನ್ನು ಕರೆತಂದು, ತಲೆಗೊಂದರಂತೆ ಟ್ಯಾಬ್ ಹಂಚಿದರು. ನಮ್ಮ ರಟ್ಟಿನ ಮಾತನ್ನು ಚಾಚೂ ತಪ್ಪದೆ ಪಾಲಿಸಿದವರು ಅವರೊಬ್ಬರೇ.

ಮೇಷ್ಟ್ರು

ಬ್ರಹ್ಮಗಿರಿ ಕಡೆಯ ನಿವೃತ್ತ ಮೇಷ್ಟ್ರು ಇತಿಹಾಸ ಓದಲು ಬರುತ್ತಿದ್ದರು. ಒಂದು ಪುಟದಿಂದ ಇನ್ನೊಂದಕ್ಕೆ ಹೋಗುತ್ತಾ ಹತ್ತೊಂಬತ್ತು ಟ್ಯಾಬ್ ಆದವು.

"ಓದಿದ್ದನ್ನಾದ್ರೂ ಮುಚ್ಚಿ ಸಾರ್."

"ಮುಚ್ಚಿದ್ರೆ ಬಂದ ದಾರಿ ಮರ್ತು ಹೋಗ್ತೈತಮ್ಮ."

ರಟ್ಟು ತೋರಿಸಿದೆ. ಕನ್ನಡಕ ಏರಿಸಿ ನಿಧಾನವಾಗಿ ಓದಿದರು. "ನೋಡಮ್ಮ, ನಮ್ಮೂರ ಹತ್ರ ಬಂಡೆ ಮ್ಯಾಲೆ ಅಶೋಕ ಕೆತ್ತಿಸಿದ್ದು ಎರಡು ಸಾವಿರ ವರ್ಷದಿಂದ ಐತೆ. ಅದನ್ನೇ ಯಾರೂ ಕೇಳಿಲ್ಲ. ಇದು ಬರೀ ರಟ್ಟು!"

ನಾನು

ಕೊನೆಗೆ ನನ್ನದೇ ಸರದಿ. ಜಿಲ್ಲೆಯ ಕಾಲೇಜೊಂದರ ಕಂಪ್ಯೂಟರ್ ಲ್ಯಾಬಿಗೆ ಸಹಾಯಕಿ ಬೇಕಾಗಿದ್ದಳು. ಅರ್ಜಿ ಕಳಿಸಲು ಅವತ್ತೇ ಕೊನೆಯ ದಿನ. ದಿನಾ "ನಾಳೆಯಿಂದ ಬರಬ್ಯಾಡ" ಅನ್ನಿಸಿಕೊಂಡು ನನಗೂ ರೋಸಿಹೋಗಿತ್ತು. ಅರ್ಜಿ ತುಂಬಿ ಒತ್ತಿದರೆ ಪುಟ ಅಲ್ಲೇ ಗಿರಗಿರ ಸುತ್ತುತ್ತಾ ನಿಂತಿತು. ಪಕ್ಕದಲ್ಲಿ ಇನ್ನೊಂದು ತೆರೆದು ತುಂಬಿದೆ. ಅದೂ ನಿಂತಿತು. ಹೀಗೆ ಆರಾದವು. ಯಾವುದಾದರೊಂದು ಹೋಗಲೇಬೇಕಲ್ಲ!

ಅಷ್ಟರಲ್ಲಿ ಬೆನ್ನ ಹಿಂದೆ ಮಾಲೀಕರು. "ನೀನೇ ಹಿಂಗ್ ಮಾಡಿದ್ರೆ? ಮುಚ್ಚು ಎಲ್ಲಾನೂ!"

"ಮುಚ್ಚಲ್ಲ ಸಾರ್."

"ಹ್ಯಾಂಗಾದ್ರೆ?"

"ನಾಳೆಯಿಂದ ಬರಲ್ಲ. ಆದ್ರೆ ಇವತ್ತು ಏಳಲ್ಲ."

ಅವರು ಬಾಯಿ ತೆರೆಯುವುದರೊಳಗೆ ಮೊದಲ ಟ್ಯಾಬಿನಲ್ಲಿ "ಅರ್ಜಿ ತಲುಪಿದೆ" ಎಂದು ಬಂತು. ಸಂತೋಷಕ್ಕೆ ಕಣ್ಣು ತುಂಬಿತು. ಒರೆಸಿಕೊಳ್ಳುವಷ್ಟರಲ್ಲಿ ಎರಡನೆಯದೂ ತಲುಪಿತು. ಆಮೇಲೆ ಉಳಿದ ನಾಲ್ಕೂ.

ತಿಂಗಳ ನಂತರ ಪೋಸ್ಟ್‌ಮ್ಯಾನ್ ಸಂದರ್ಶನದ ಆರು ಕಾಗದ ತಂದು, "ನಿಮ್ಮವ್ವ ಆರು ಹೆಣ್ಮಕ್ಳಿಗೂ ಒಂದೇ ಹೆಸ್ರಿಟ್ಟವ್ಳಾ?" ಎಂದು ಕೇಳಿದ.

ಸಂದರ್ಶನದಲ್ಲಿ ಪ್ರಿನ್ಸಿಪಾಲರು ಆರೂ ಅರ್ಜಿಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿದರು. "ಇರೋದು ಒಂದು ಕೆಲಸ. ಆರು ಅರ್ಜಿ ಯಾಕಮ್ಮ?" ಅವರ ಮುಖದಲ್ಲಿ ನಗುವಿರಲಿಲ್ಲ. ಕೆಲಸ ಕೈತಪ್ಪಿತು ಎಂದುಕೊಂಡೆ. ಹೋಗುವುದು ಹೇಗೂ ಹೋಗುತ್ತದೆ, ತಲೆ ತಗ್ಗಿಸಿ ಯಾಕೆ ಹೋಗಲಿ ಅನ್ನಿಸಿತು. ಇಂದಿಗೂ ಅದೇ ಲ್ಯಾಬಿನಲ್ಲಿ ಕೂತಿರುವುದು ಅವತ್ತು ಬಾಯಿಗೆ ಬಂದ ಆ ಒಂದು ಉತ್ತರದಿಂದ.

"ಐದು ಸಲ ಬ್ಯಾಡ ಅನ್ರಿ ಸಾರ್, ನನಗೇನೂ ಬೇಜಾರಿಲ್ಲ. ಆರನೇದಕ್ಕೆ ಹೂಂ ಅಂದ್ರೆ ಸಾಕು!"