ಘಾಟಿಯ ಖಾನಾವಳಿಯಾಕೆ

ತೈಲದ ಬೆಲೆ ಬಿದ್ದ ವರ್ಷಗಳಲ್ಲಿ ಮಸ್ಕತ್ತಿನಲ್ಲಿ ನಗುವುದಕ್ಕೆ ಕಾರಣ ಕಡಿಮೆ. ಆದರೂ ಅಲ್ ಮಬೇಲಾದ ನಮ್ಮ ಫ್ಲಾಟಿನಲ್ಲಿ ಶುಕ್ರವಾರ ಮಧ್ಯಾಹ್ನ ಏನಾದರೊಂದು ಎಡವಟ್ಟು ಆಗಿಯೇ ತೀರುತ್ತಿತ್ತು.

ಕುಟುಂಬವನ್ನು ಜೊತೆಗಿಟ್ಟುಕೊಳ್ಳುವ ಫ್ಯಾಮಿಲಿ ಸ್ಟೇಟಸ್ ಸವಲತ್ತನ್ನು ಕಂಪನಿ ಕಿತ್ತುಕೊಂಡಾಗ ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿ ಮೂವರು ಒಂದೇ ಫ್ಲಾಟಿಗೆ ಬಂದು ಬಿದ್ದಿದ್ದೆವು: ಮೈಸೂರಿನ ಡ್ರಾಫ್ಟ್ಸ್‌ಮನ್, ಬಾಗಲಕೋಟೆಯ ವೆಲ್ಡಿಂಗ್ ಇನ್‌ಸ್ಪೆಕ್ಟರ್, ಸೇಫ್ಟಿ ಆಫೀಸರ್ ಆದ ನಾನು. ಲಗೇಜು ಹೆಚ್ಚಾಯಿತೆಂದು ಮೈಸೂರಿನವರ ಮಗ ಒಂದು ಆಟದ ಡಬ್ಬಿ ಬಿಟ್ಟುಹೋಗಿದ್ದ; ಒಳಗಿದ್ದ ಪುಸ್ತಕದ ಪ್ರಕಾರ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಮಾತಿನಲ್ಲೇ ಕಥೆ ನಡೆಸುವ ಆಟ ಅದು. ನನ್ನ ಜೊತೆಗಾರರಿಬ್ಬರೂ ವೀರರು. ಉಳಿದ ಪಾತ್ರಗಳನ್ನೆಲ್ಲ ಸೃಷ್ಟಿಸಿ ಮಾತಾಡಿಸುವ ಸೂತ್ರಧಾರ ನಾನು.

೧. ಕೋಟೆಯ ಕಾವಲುಗಾರ

ನನ್ನ ಮೊದಲ ಸೃಷ್ಟಿ ಕೋಟೆಯ ಕಾವಲುಗಾರ.

"ಹೆಲ್ಮೆಟ್ ಎಲ್ಲಿ?" ಎಂದ ಅವನು.

"ಸಾರ್, ನಾನು ಮಾಂತ್ರಿಕ. ಟೋಪಿ ಇದೆಯಲ್ಲ?" ಎಂದರು ಮೈಸೂರಿನವರು.

"ಟೋಪಿ ನಡೆಯೋದಿಲ್ಲ. ಬೆಂಕಿ ಮಂತ್ರಕ್ಕ ಹಾಟ್ ವರ್ಕ್ ಪರ್ಮಿಟ್, ಬೆಂಕಿ ಕೆಲಸದ ಅನುಮತಿ ಚೀಟಿ, ಐತೇನು?"

ಎರಡು ಶುಕ್ರವಾರ ಕೋಟೆಯ ಬಾಗಿಲಲ್ಲೇ ಕಳೆದವು. ಮೂರನೆಯದಕ್ಕೆ ಬಾಗಲಕೋಟೆಯವರು ಕೈಮುಗಿದರು. "ಸೈಟಿನ್ಯಾಗೂ ನೀವ, ಇಲ್ಲೂ ನೀವ. ಖಲಾಸ್! ಬ್ಯಾರೆ ಯಾರನ್ನರ ಹುಟ್ಟಸ್ರಿ."

೨. ಆಕೆ

ಪಾತ್ರಕ್ಕೆ ಒಂದು ಅಭ್ಯಾಸ, ಒಂದು ಆಸೆ, ಒಂದು ಗುಟ್ಟು ಬೇಕು ಎನ್ನುತ್ತದೆ ಪುಸ್ತಕ. ಡ್ರ್ಯಾಗನ್ ಇರುವ ಘಾಟಿಯಲ್ಲಿ ಖಾನಾವಳಿ ನಡೆಸುವ ಹೆಂಗಸೊಬ್ಬಳನ್ನು ಬರೆದೆ. ಅಭ್ಯಾಸ: ರೊಟ್ಟಿ ಬಡಿಯುವಾಗ ಬೈಯುವುದು. ಆಸೆ: ಎಲ್ಲರೂ ಒಟ್ಟಿಗೆ ಕೂತು ಉಣ್ಣಬೇಕು. ಗುಟ್ಟು ಹೊಳೆಯಲಿಲ್ಲ, ಖಾಲಿ ಬಿಟ್ಟೆ.

"ಕೈ ತೊಳಕೊಂಡು ಕೂಡ್ರಿ" ಎಂದಳು ಆಕೆ. ವೀರರು ಕೂತರು, ಮತ್ತೆ ಏಳಲೇ ಇಲ್ಲ. ಒಬ್ಬರು ಎಣ್ಣೆಗಾಯಿ ಕೇಳಿದರು, ಇನ್ನೊಬ್ಬರು ಮೆಣಸಿನ ಸಾರು ಸಿಗುತ್ತಾ ಎಂದರು. ಡ್ರ್ಯಾಗನ್ ಒಂದು ತಿಂಗಳು ಗುಹೆಯಲ್ಲಿ ದಾರಿ ಕಾಯಿತು.

೩. ಡ್ರ್ಯಾಗನ್

ಕೊನೆಗೆ ನಾನೇ ಅದನ್ನು ಖಾನಾವಳಿಗೆ ನುಗ್ಗಿಸಿದೆ. ಅಷ್ಟರಲ್ಲಿ ವಿಜಯಪುರದಿಂದ ನನ್ನ ಹೆಂಡತಿಯ ವಿಡಿಯೋ ಕಾಲ್. ದಿನಾ ಅವಳು ಊಟ ಆತೇನು ಎಂದು ಕೇಳುವುದು, ನಾನು ಅಂಗಡಿಯ ಒಣ ಖುಬ್ಬೂಸ್ ರೊಟ್ಟಿ, ಮೊಸರಿನ ಮುಂದೆ ಕೂತು "ಭರ್ಜರಿ ಆತು" ಎನ್ನುವುದು ರೂಢಿ. ನಿಜ ಹೇಳಿದರೆ ಅವಳಿಗಲ್ಲಿ ತುತ್ತು ಇಳಿಯುವುದಿಲ್ಲ.

ಮೈಸೂರಿನವರು ಫೋನ್ ಕಸಿದುಕೊಂಡು ಖಾನಾವಳಿಯಾಕೆಯ ವರ್ಣನೆಯನ್ನೆಲ್ಲ ಓದಿಬಿಟ್ಟರು.

"ಅಯ್ಯ, ಅಕಿ ನಾನ ಅಲ್ಲೇನ್ರಿ! ಹಂಗಾದ್ರ ಅಕಿ ಮಾತು ನಾನ ಆಡ್ತೀನಿ" ಎಂದಳು.

ಆಟ ನಿಲ್ಲಿಸುವಂತಿಲ್ಲ. ನಾನು ಗುಡುಗಿದೆ: "ನಾನು ಡ್ರ್ಯಾಗನ್! ಎಲ್ಲಾರನ್ನೂ ನುಂಗ್ತೀನಿ!"

"ನುಂಗೋದು ಆಮ್ಯಾಲ. ಮೊದಲ ಹೇಳು, ಊಟ ಆತೇನು ನಿಂದು?"

ಹತ್ತು ತಿಂಗಳಾಗಿತ್ತು ಅವಳು ಬಡಿಸಿ. ಡ್ರ್ಯಾಗನ್ನಿಗೆ ಸುಳ್ಳು ಹೇಳಲು ಬರಲಿಲ್ಲ.

"ಇಲ್ಲ" ಎಂದೆ. "ಒಂದಿನಾನೂ ಸರಿಯಾಗಿ ಆಗಿಲ್ಲ."

"ನನಗ ಗೊತ್ತಿತ್ತು. ದಿನಾ ಗೊತ್ತಿತ್ತು" ಎಂದಳು. ಪಾತ್ರದ ಗುಟ್ಟು ಕೊನೆಗೂ ಸಿಕ್ಕಿತು. ಆಮೇಲೆ ದನಿ ಏರಿಸಿದಳು: "ಏನ್ ನೋಡ್ತಿ? ಏಳು, ಕೈ ತೊಳಕೊಂಡು ಬಾ!"

ವೀರರಿಬ್ಬರೂ ಕತ್ತಿ, ಮಂತ್ರದಂಡ ಹಿಡಿದು ಕಾಯುತ್ತಿದ್ದಂತೆಯೇ ಡ್ರ್ಯಾಗನ್ ಎದ್ದು ಬಾತ್‌ರೂಮಿಗೆ ಹೋಗಿ, ಸೋಪು ಹಚ್ಚಿ ಕೈ ತೊಳೆದುಕೊಂಡು ಬಂತು.