ಬಕೀಟಿನಾಗ ಒಗದ್ರ ಗೆದ್ದಂಗ

ನಾನು ಸಂಶಿಯ ಶಾಲೆಯೊಂದರಲ್ಲಿ ಪಿ.ಟಿ. ಮಾಸ್ತರ. ನಾನು ಸೀಟಿ ಊದಿದರೆ ಇಡೀ ಮೈದಾನ ನಿಲ್ಲುತ್ತದೆ. ಆದರೆ ನಮ್ಮ ಮನೆಯ ಹಿತ್ತಲಿನಲ್ಲಿ ನನ್ನ ಮಾತಿಗೆ ಕವಡೆ ಕಿಮ್ಮತ್ತಿಲ್ಲ. ರವಿವಾರ ಪೇರಲ ಗಿಡದ ಕೆಳಗೆ ಸ್ಟೀಲಿನ ಬಕೀಟು ಇಟ್ಟು, ಗೆರೆಯ ಹಿಂದೆ ನಿಂತು, ಬಟ್ಟೆಯ ಚೆಂಡನ್ನು ಅದರೊಳಗೆ ಒಗೆಯುವ ಆಟ ಆಡುತ್ತೇವೆ. ಇದಕ್ಕಿಂತ ಸರಳ ಆಟ ಇನ್ನೊಂದಿಲ್ಲ. ಊರ ಮಕ್ಕಳಿಗೆಲ್ಲ ಗುರಿ ಕಲಿಸಿದ ನಾನು ಇದರಲ್ಲಿ ಒಮ್ಮೆಯೂ ಗೆದ್ದಿಲ್ಲ. ಒಮ್ಮೆಯಾದರೂ ಗೆಲ್ಲಬೇಕೆಂದು ಜೀವ ಹಾತೊರೆಯುತ್ತದೆ, ಆದರೆ ಮನೆಯವರು ಗೆಲ್ಲಲು ಬಿಟ್ಟರೆ ತಾನೆ? ಪ್ರತಿ ರವಿವಾರ ಒಂದಿಲ್ಲೊಂದು ಅನ್ಯಾಯ ನಡೆದೇ ತೀರುತ್ತದೆ.

ಸಪ್ಪಳ

ಅಂಪೈರ್ ನಮ್ಮವ್ವ. ಕಟ್ಟೆಯ ಮೇಲೆ ಕೂತು ತೀರ್ಪು ಕೊಡುತ್ತಾಳೆ. ಕಣ್ಣು ಮಂಜು, ಕಿವಿ ಮಾತ್ರ ಅಗದಿ ಚುರುಕು. ಒಮ್ಮೆ ನಾನು ಒಗೆದ ಚೆಂಡು ಬಕೀಟಿನ ನಟ್ಟನಡುವೆ ಬಿತ್ತು. ತಳದಲ್ಲಿ ಎಲೆ ಉದುರಿದ್ದವು, ಚೆಂಡು ಸದ್ದಿಲ್ಲದೆ ಕೂತಿತು. ಆಮೇಲೆ ತಮ್ಮ ಒಗೆದದ್ದು ಅಂಚಿಗೆ ಠಣ್ ಎಂದು ಬಡಿದು ಹೊರಗೆ ಹಾರಿತು.

"ಸಣ್ಣಾವ ಗೆದ್ದ," ಅಂದಳು ಅವ್ವ.

"ಅವ್ವಾ, ನನ್ನ ಚೆಂಡು ಒಳಗ ಐತಿ. ಅವಂದು ಹೊರಗ ಬಿದ್ದೈತಿ."

"ನಿಂದು ಸಪ್ಪಳನ ಬರಲಿಲ್ಲಲೋ."

"ಬೇಕಾರ ಕೈ ಹಾಕಿ ನೋಡು."

"ಬಿದ್ದದ್ದು ಖರೆ ಇದ್ರ ಸಪ್ಪಳ ಬರಬೇಕಪಾ. ಕಳ್ಳರಂಗ ಬಿದ್ರ ಯಾರು ಹಿಡೀತಾರ?"

ಅಂದಿನಿಂದ ತಮ್ಮ ಬಕೀಟಿನ ಅಂಚಿಗೇ ಗುರಿ ಇಡುತ್ತಾನೆ.

ನಳ ಬಂತು

ನಮ್ಮೂರ ನಳದ ನೀರಿಗೆ ಗೊತ್ತಾದ ದಿನವೂ ಇಲ್ಲ, ಹೊತ್ತೂ ಇಲ್ಲ. ಒಂದು ರವಿವಾರ ಉಸಿರು ಬಿಗಿಹಿಡಿದು ಒಗೆದೆ. ಚೆಂಡು ಗಾಳಿಯಲ್ಲಿದ್ದಾಗಲೇ ಓಣಿಯಿಂದ "ನಳ ಬಂದಾವು" ಎಂಬ ಕೂಗು ಬಂತು. ಹೆಂಡತಿ ಓಡಿ ಬಂದು ಬಕೀಟು ಎತ್ತಿಕೊಂಡು ಹೋದಳು. ಬಕೀಟು ನೆಲದಲ್ಲಿ ಮೂಡಿಸಿದ್ದ ಗುಂಡನೆಯ ಗುರುತಿನ ನಡುವೆಯೇ ಚೆಂಡು ಬಿತ್ತು.

ನಾನು ನಳದ ತನಕ ಬೆನ್ನಟ್ಟಿ ಹೋದೆ. "ಬಕೀಟಿದ್ರ ಒಳಗ ಬೀಳತಿತ್ತು."

"ಇದ್ರ ಬೀಳತಿತ್ರಿ. ಇತ್ತೇನ್ರಿ?"

"ನೀನ ಒಯ್ದಿ!"

"ನೀರು ಹೋದ್ರ, ನಾಳೆ ಜಳಕಕ್ಕ ಚೆಂಡು ಸುರಕೋತೀರೇನ್ರಿ?"

ಒಗಿಯವ್ವಾ

ಈಚೆಗೆ ತಮ್ಮನ ಮದುವೆಯಾಯಿತು. ಹುಡುಗಿ ಮೈಸೂರಿನ ಕಡೆಯವಳು. ಮೊದಲ ರವಿವಾರವೇ ಅವಳನ್ನು ನನ್ನ ಜೋಡಿ ಮಾಡಿಕೊಂಡೆ. ಎದುರಿಗೆ ತಮ್ಮ ಮತ್ತು ನನ್ನ ಹೆಂಡತಿ. ಎರಡೂ ಕಡೆ ಸರಿಸಮ ಆಯಿತು. ಕೊನೆಯ ಚೆಂಡು ತಮ್ಮನ ಹೆಂಡತಿಯದು. ಅಷ್ಟರಲ್ಲಿ ಅದು ಅವಳ ಕೈಯಿಂದ ಜಾರಿ ಬಚ್ಚಲ ನೀರಿನ ಕೆಸರಿಗೆ ಉರುಳಿತು. ಎತ್ತಿಕೊಂಡು ನನ್ನತ್ತ ನೋಡಿದಳು.

"ಇರಲಿ ಬಿಡು. ಬಕೀಟಿನಾಗ ಒಗಿಯವ್ವಾ," ಅಂದೆ.

"ಈಗ್ಲೇನಾ ಭಾವ?"

"ಈಗ ಮತ್ತ. ಚಂದಂಗ ಒಗಿ."

ಅವಳು ತಲೆಯಾಡಿಸಿ ಬಕೀಟಿನ ಹತ್ತಿರ ಹೋದಳು. ಅದಕ್ಕೆ ನೀರು ಹೊಯ್ದು, ಸಬಕಾರ ಹಚ್ಚಿ, ಚೆಂಡನ್ನು ತಿಕ್ಕಿ ತಿಕ್ಕಿ ತೊಳೆದು, ಹಿಂಡಿ, ಬಿಸಿಲಿಗಿಟ್ಟು ಬಂದಳು.

"ಒಗ್ದಾಯ್ತು ಭಾವ."

ನಮ್ಮಲ್ಲಿ ಒಗೆಯುವುದೆಂದರೆ ಎಸೆಯುವುದೂ ಹೌದು, ಬಟ್ಟೆ ತೊಳೆಯುವುದೂ ಹೌದು. ಅವಳ ಕಡೆ ತೊಳೆಯುವುದೊಂದೇ. ತಮ್ಮ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕೂತ. ನನಗೆ ಮೈಯೆಲ್ಲ ಉರಿಯಿತು, ಆದರೆ ಸೋಲೊಪ್ಪಲಿಲ್ಲ.

"ಅವ್ವಾ, ಬಕೀಟಿನಾಗ ಒಗದ್ರ ಗೆದ್ದಂಗ ಅಂತ ಕಾಯ್ದೆ ಮಾಡಿದಾಕಿ ನೀನ. ಅಕಿ ಬಕೀಟಿನಾಗ ಒಗದಾಳೋ ಇಲ್ಲೋ?"

ಅವ್ವ ಯೋಚಿಸಿದಳು. "ಖರೆ ಐತಿ. ಅಕಿ ಗೆದ್ಲು."

"ಅಕಿ ನನ್ನ ಜೋಡಿ. ಅಂದ್ರ ನಾನೂ ಗೆದ್ದೆ."

"ಹೆಂಗ? ನೀ ಏನ್ ಒಗದಿ?"

ನಾನು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಒಳಗೆ ಹೋಗಿ, ಮಾಸಿದ ಅರಿವೆಗಳ ಗಂಟು ತಂದು ನನ್ನ ಮುಂದೆ ಇಟ್ಟಳು.

"ಗೆಲ್ಲಬೇಕಲ್ರಿ? ಬಕೀಟು ಅಲ್ಲೈತ್ರಿ. ಒಗೀರಿ."

ಆ ರವಿವಾರ ಹೊತ್ತು ಮುಳುಗುವ ತನಕ ನಾನು ಗೆಲ್ಲುತ್ತಲೇ ಇದ್ದೆ.